ಆರು ಸಾವಿರ ಕುನ್ನಿಗಳು

ಹೋದ ತಿಂಗಳು ನಾದಿನಿಗೆ ಜ್ವರ ಬಿಡಲೊಲ್ಲದೆಂದು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಲ್ಯಾಬಿನ ಹುಡುಗಿ ಚುರುಕು. ಒಂದೇ ಸಲಕ್ಕೆ ನರ ಹಿಡಿದಳು, ಅದಕ್ಕೆ ಮೆಚ್ಚಿದೆ. ಹತ್ತು ನಿಮಿಷದಲ್ಲಿ ಮಿಷಿನ್ನಿನಿಂದ ಚೀಟಿ ಬಂತು. ಬಿಳಿ ರಕ್ತಕಣಗಳ ಸಂಖ್ಯೆಯ ಪಕ್ಕದಲ್ಲಿ ಒಂದು ಪುಟ್ಟ ಚುಕ್ಕಿ, ನಕ್ಷತ್ರದ ಆಕಾರದ್ದು, ಅಚ್ಚಾಗಿತ್ತು.

“ಸ್ಲೈಡ್ ಮಾಡಿ ನೋಡಿದೇನವ್ವಾ?” ಎಂದು ಕೇಳಿದೆ.

“ಮಿಷಿನ್ ಕೊಟ್ಟೈತಲ್ರೀ ಆಂಟಿ, ಎಲ್ಲಾ ನಾರ್ಮಲ್ ಐತಿ.”

“ಮತ್ತ ಈ ಚುಕ್ಕಿ ಯಾಕ ಬಂದೈತಿ?”

“ಅದು ಯಾವಾಗ್ಲೂ ಬರ್ತಿರ್ತೈತ್ರೀ. ಬಿಡ್ರಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ, ನಾದಿನಿ ಸೆರಗು ಹಿಡಿದು ಎಳೆದಳು. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗಿಯ ಮೇಲಿನ ಸಿಟ್ಟು ಕಾಲು ಪಾಲು, ಮುಕ್ಕಾಲು ನನ್ನ ಮೇಲಿನದು. ಅವಳು ಹೇಳಿದ ಮಾತನ್ನೇ ನಾನೂ ಒಂದು ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ನಾನು ತೆಲುಗು ಸೀಮೆಯ ಗಡಿಯ ಮಕ್ತಲ್‌ನವಳು. ಹೆಸರು ಮಹಾದೇವಿ. ಮೂವತ್ತಕ್ಕೂ ಹೆಚ್ಚು ವರ್ಷ ನಾರಾಯಣಪೇಟೆ, ಮಕ್ತಲ್, ಗದ್ವಾಲ ಎಂದು ಈ ಮೂರು ಊರುಗಳಲ್ಲೇ ಸುತ್ತಿ ಲ್ಯಾಬ್ ಟೆಕ್ನಿಷಿಯನ್ ಕೆಲಸ ಮಾಡಿದೆ. ರೋಗಿಗಳು ನನ್ನನ್ನು ಕರೆಯುತ್ತಿದ್ದದ್ದು ‘ರಕ್ತದಮ್ಮ’ ಎಂದು. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಅದರಿಂದ ಮೂರು ಕಾಸಿನ ಪ್ರಯೋಜನವೂ ಇಲ್ಲ. ಮುಂದೆ ಹೇಳುವ ಸಂಗತಿ ಯಾವ ಆಸ್ಪತ್ರೆಯದೆಂದೂ ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ನೆಮ್ಮದಿಯಾಗಿ ಮಲಗುತ್ತಾರೆ. ಆ ನೆಮ್ಮದಿ ಕೊಡುವ ಮನಸ್ಸು ನನಗಿಲ್ಲ.

ನನಗೆ ಕೆಲಸ ಕಲಿಸಿದವರು ಖಾಜಾ ಸಾಬರು. ಬಿಳಿ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ, ಕಣ್ಣಿಗೆ ದಪ್ಪ ಚಷ್ಮಾ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಆ ಚಷ್ಮಾ ಹಣೆಯ ಮೇಲೆ ಹೋಗುತ್ತಿತ್ತು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಒಣಗಿಸಿ, ಒಂದೊಂದೇ ಬಿಳಿ ಕಣವನ್ನು ಹುಡುಕಿ ನೂರು ಎಣಿಸಬೇಕು. ಯಾವ ಜಾತಿಯವು ಎಷ್ಟು ಎಂದು ಬೇರೆ ಬೇರೆ ಲೆಕ್ಕ. ಎಣಿಸುವ ಗುಂಡಿಯ ಪೆಟ್ಟಿಗೆ ಕೆಟ್ಟು ವರ್ಷಗಳಾಗಿದ್ದವು. ಸಾಬರು ಮೇಜಿನ ಮೇಲೆ ಹುಣಸೆ ಬೀಜ, ಜೋಳ, ಕಡಲೆ, ತೊಗರಿ ಇಟ್ಟುಕೊಂಡಿದ್ದರು. ನ್ಯೂಟ್ರೋಫಿಲ್ ಎಂಬ ಕಣ ಕಂಡರೆ ಬಟ್ಟಲಿಗೆ ಒಂದು ಹುಣಸೆ ಬೀಜ. ಲಿಂಫೋಸೈಟ್ ಕಂಡರೆ ಒಂದು ಜೋಳ. ಕೊನೆಗೆ ಬಟ್ಟಲು ಬೋರಲು ಹಾಕಿ ಎಣಿಸಿದರೆ ಲೆಕ್ಕ ಸಿಗುತ್ತಿತ್ತು.

ಮೊದಲ ವಾರ ಒಬ್ಬ ರೋಗಿಯ ಕೀವು ನೋಡಿ ಮೂಗು ಮುಚ್ಚಿಕೊಂಡೆ. ಸಾಬರಿಗೆ ಸಿಟ್ಟು ಬಂತು.

“ಮೂಗು ಬಿಡು ಬೇಟಿ. ಕೀವು ಅಂದ್ರ ಹೊಲಸಲ್ಲ, ಹೆಣ. ನಮ್ಮ ಸಲುವಾಗಿ ಸತ್ತೋರ ಹೆಣ. ಅದಬ್ ಇರಲಿ, ಮರ್ಯಾದಿ ಇರಲಿ.”

ಆಮೇಲೆ ಕೂರಿಸಿಕೊಂಡು ಹೇಳಿದರು. ಗಾಯದಲ್ಲಿ ರೋಗಾಣು ಹೊಕ್ಕರೆ ಮೊದಲು ಓಡುವುದು ಈ ನ್ಯೂಟ್ರೋಫಿಲ್. ರಕ್ತನಾಳದ ಗೋಡೆಯ ಸಂದಿಯಲ್ಲಿ ಮೈ ಹಿಸುಕಿಕೊಂಡು ಹೊರಗೆ ನುಸುಳುತ್ತದೆ. ರೋಗಾಣುವಿನ ವಾಸನೆ ಹಿಡಿದು ಹೋಗಿ ಅದನ್ನು ನುಂಗುತ್ತದೆ, ಹೊಟ್ಟೆಯೊಳಗಿನ ವಿಷ ಸುರಿದು ಸುಡುತ್ತದೆ, ತಾನೂ ಸಾಯುತ್ತದೆ. ಬಹಳ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಇನ್ನೊಂದು ಹೊಸ ಸಂಗತಿ ಕೇಳಿದೆ. ಕೆಲವು ಕಣಗಳು ಸಾಯುವಾಗ ತಮ್ಮ ಒಡಲಿನ ದಾರವನ್ನೇ ಬಿಚ್ಚಿ ಬಲೆಯಂತೆ ಬೀಸಿ ರೋಗಾಣುಗಳನ್ನು ಹಿಡಿದಿಡುತ್ತವಂತೆ. ಅಂದು ಸಾಬರು ಇರಬೇಕಿತ್ತು ಅನ್ನಿಸಿ ಅಳು ಬಂತು.

ಇಷ್ಟು ಕಲಿತ ಮೇಲೂ ನಾನು ಮೈಗಳ್ಳಿಯಾದೆ. ದಿನಕ್ಕೆ ಅರವತ್ತು ಎಪ್ಪತ್ತು ಜನರ ರಕ್ತ. ಎಲ್ಲರಿಗೂ ನೂರು ಎಣಿಸುತ್ತ ಕೂತರೆ ಊಟಕ್ಕೆ ಹೊತ್ತಿಲ್ಲ. ಎಲ್ಲ ಲ್ಯಾಬುಗಳಲ್ಲೂ ನಡೆಯುವ ಒಂದು ಕಳ್ಳ ದಾರಿ ಇತ್ತು, ಸ್ಲೈಡ್ ನೋಡದೆ ‘ಅರವತ್ತೆರಡು, ಮೂವತ್ತು, ಐದು, ಮೂರು’ ಎಂದು ಬರೆದುಬಿಡುವುದು. ಕೂಡಿಸಿದರೆ ನೂರು, ಯಾರೂ ಕೇಳುವುದಿಲ್ಲ. ಒಂದು ದಿನ ಸಾಬರು ನಾನು ಬರೆದ ಒಂದು ಚೀಟಿ ಹಿಡಿದು ಬಂದು, ಆ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, “ನೋಡು” ಎಂದರು. ನೋಡಿದೆ. ಕೆಂಪು ಕಣಗಳೆಲ್ಲ ಉದ್ದುದ್ದ, ಒಂದೊಂದರ ನಡುವೆಯೂ ಕಪ್ಪು ಬೀಜ. ಮನುಷ್ಯರ ಕೆಂಪು ಕಣದಲ್ಲಿ ಬೀಜ ಇರುವುದಿಲ್ಲ.

“ಬಸ್ ಸ್ಟ್ಯಾಂಡ್ ಹತ್ರದ ಕೋಳಿ ಅಂಗಡಿಯಿಂದ ತಂದೀನಿ,” ಎಂದರು ಸಾಬರು. “ಈ ಕೋಳಿ ನಿನ್ನಿ ಸಂಜಿಗೇ ಸಾರಾಗಿ ಹೋಗೈತಿ. ನೀ ಇದಕ್ಕ ಅರವತ್ತೆರಡು ನ್ಯೂಟ್ರೋಫಿಲ್ ಬರ್ದಿ. ತಬಿಯತ್ ಚೆನ್ನಾಗೈತಿ ಅಂತ ಕೋಳಿಗೆ ಹೇಳಿ ಬರ್ಲೇನು?”

ಲ್ಯಾಬಿನವರೆಲ್ಲ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ಸಾಬರು ನಿವೃತ್ತರಾಗುವವರೆಗೆ ನಾನು ಒಂದು ಸ್ಲೈಡನ್ನೂ ನೋಡದೆ ಬಿಟ್ಟದ್ದಿಲ್ಲ. ಅವರು ಹೋದ ಮೇಲೂ ಬಿಟ್ಟದ್ದಿಲ್ಲ. ಬಿಟ್ಟದ್ದು ಮಿಷಿನ್ ಬಂದ ಮೇಲೆ.

ಮಿಷಿನ್ನನ್ನು ಬೈಯುತ್ತಿಲ್ಲ. ಅದು ನಾನು ದಿನವಿಡೀ ಎಣಿಸುವುದನ್ನು ಒಂದು ನಿಮಿಷದಲ್ಲಿ ಎಣಿಸುತ್ತದೆ. ಆದರೆ ನಮ್ಮಲ್ಲಿಗೆ ಬಂದ ಮಿಷಿನ್ ಕಣಗಳ ಗಾತ್ರ ಅಳೆದು ಗುಂಪು ಮಾಡುತ್ತಿತ್ತೇ ಹೊರತು, ಕಣ ಬಲಿತದ್ದೋ ಎಳೆಯದೋ ಹೇಳುತ್ತಿರಲಿಲ್ಲ. ತನಗೆ ಅನುಮಾನ ಬಂದರೆ ಒಂದು ಚುಕ್ಕಿ ಹಾಕುತ್ತಿತ್ತು, ‘ಇದನ್ನು ಕಣ್ಣಿಂದ ನೋಡಿ’ ಎಂದು. ಪಾಪ, ಅದಕ್ಕಾದರೂ ಅಷ್ಟು ಪ್ರಾಮಾಣಿಕತೆ ಇತ್ತು. ನಾವು ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸಿ ಕಪಾಟಿನಲ್ಲಿಟ್ಟೆವು. ಹುಣಸೆ ಬೀಜದ ಡಬ್ಬಿಯೂ ಅದರ ಹಿಂದೆ ಹೋಯಿತು.

ಆ ಆಸ್ಪತ್ರೆಯ ದೊಡ್ಡ ಡಾಕ್ಟರರಿಗೆ ಒಂದು ಹಲಗೆಯ ಮೇಲೆ ಬಹಳ ಪ್ರೀತಿ. ಹೆರಿಗೆ ವಾರ್ಡಿನ ಬಾಗಿಲಲ್ಲಿ ತೂಗುಹಾಕಿದ್ದರು. ತಿಂಗಳಲ್ಲಿ ಎಷ್ಟು ಹೆರಿಗೆ, ಎಷ್ಟು ಆಪರೇಷನ್, ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ತಗಲಿದ ಸೋಂಕು ಎಷ್ಟು ಎಂದು ಅದರಲ್ಲಿ ಬರೆಯಬೇಕು. ಸೋಂಕಿನ ಸಾಲಿನಲ್ಲಿ ನಾನು ಇದ್ದಷ್ಟು ಕಾಲವೂ ಸೊನ್ನೆಯೇ ಇತ್ತು. ಹೊಲಿಗೆ ಬಿಚ್ಚಿಕೊಂಡವರು, ಜ್ವರ ಬಂದವರು ಇರಲಿಲ್ಲವೆಂದಲ್ಲ. ಅವರ ಕಾಗದದಲ್ಲಿ ‘ಮನೆಯಿಂದ ಬಂದ ಸೋಂಕು’ ಎಂದು ಬರೆಯುತ್ತಿದ್ದರು. ಬಡವರ ಮನೆಯ ಮೇಲೆ ಏನು ಬರೆದರೂ ಕೇಳುವವರು ಯಾರು?

ಮಾಳಮ್ಮ ಗಟ್ಟು ಕಡೆಯ ಒಂದು ಹಟ್ಟಿಯವಳು. ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ಗಂಡನ ಹೆಸರೂ ಬೀರಪ್ಪನೇ. ಚೊಚ್ಚಲು ಹೆರಿಗೆ ಕಷ್ಟವಾಗಿ ಆಪರೇಷನ್ ಮಾಡಿ ಹೆಣ್ಣು ಕೂಸು ತೆಗೆದರು. ಮೂರನೆಯ ದಿನ ಮಾಳಮ್ಮನಿಗೆ ಜ್ವರ. ರಕ್ತ ತರಲು ವಾರ್ಡಿಗೆ ಹೋದಾಗ ಹೊಲಿಗೆಯ ಬಟ್ಟೆ ಬಿಚ್ಚಿದ್ದರು. ಹಸಿರು ಬಣ್ಣದ ಕೀವು. ಕೊಳೆತ ನಾತವಲ್ಲ, ಅತಿಯಾಗಿ ಹಣ್ಣಾದ ದ್ರಾಕ್ಷಿಯಂಥ ಸಿಹಿ ವಾಸನೆ. ಈ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಲ್ಯಾಬಿನವರು ಮರೆಯುವುದಿಲ್ಲ. ಸೂಡೋಮೊನಾಸ್ ಎಂಬ ರೋಗಾಣುವಿನದು ಅದು. ಒದ್ದೆ ಇದ್ದಲ್ಲಿ ಬೆಳೆಯುತ್ತದೆ, ಆಸ್ಪತ್ರೆ ಎಂದರೆ ಅದಕ್ಕೆ ತವರುಮನೆ. ಗಾಯದಿಂದ ಒಂದು ಹತ್ತಿಯ ಕಡ್ಡಿಯಲ್ಲಿ ಕೀವು ತೆಗೆದುಕೊಂಡು ಬಂದು ಫ್ರಿಜ್ಜಿನಲ್ಲಿಟ್ಟೆ.

ಬಿಳಿ ಕಣಗಳು ಇಪ್ಪತ್ತೊಂದು ಸಾವಿರ. ನಾಲ್ಕರಿಂದ ಹನ್ನೊಂದು ಸಾವಿರ ಇರಬೇಕಾದದ್ದು. ಬೀರಪ್ಪ ಕಿಟಕಿಯ ಹತ್ತಿರ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ.

“ಅವ್ವಾರ, ಏನ್ ಬಂದೈತ್ರಿ?”

“ನಿಮ್ಮ ಹಟ್ಟಿಯಾಗ ತೋಳ ಬಂದ್ರ ನಾಯಿ ಎಲ್ಲಾ ಎದ್ದು ಬರ್ತಾವಲ್ಲ ಬೀರಪ್ಪ, ಹಂಗ. ಮೈಯೊಳಗ ಬಿಳಿ ಕಣ ಅಂತ ಇರ್ತಾವ. ಅವು ಕಾವಲು ನಾಯಿ ಇದ್ದಂಗ. ಇಪ್ಪತ್ತೊಂದು ಸಾವಿರ ಎದ್ದಾವ.”

“ಅಷ್ಟು ನಾಯಿ ಎದ್ದಾವಂದ್ರ ತೋಳ ಸಣ್ಣದಲ್ರಿ,” ಎಂದ.

ಮದ್ದು ಬದಲಿಸಿದರು. ಆರನೆಯ ದಿನ ಬೆಳಿಗ್ಗೆ ಮತ್ತೆ ರಕ್ತ ಬಂತು. ಮಿಷಿನ್ ಕೊಟ್ಟದ್ದು ಆರು ಸಾವಿರದ ಇನ್ನೂರು. ಪಕ್ಕದಲ್ಲಿ ಚುಕ್ಕಿ. ಚುಕ್ಕಿ ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ‘ಅದು ಯಾವಾಗಲೂ ಬರುತ್ತದೆ’ ಎಂದುಕೊಂಡು ಸಹಿ ಹಾಕಿದೆ. ಆಗ ಒಂಬತ್ತೂವರೆ ಗಂಟೆ.

ರೌಂಡಿಗೆ ಬಂದ ದೊಡ್ಡ ಡಾಕ್ಟರರು ಚೀಟಿ ನೋಡಿ ವಾರ್ಡಿನ ಸಿಸ್ಟರ್ ಸಾವಿತ್ರಮ್ಮನಿಗೆ ತೆಲುಗಿನಲ್ಲಿ, “ಕೌಂಟ್ ತಗ್ಗಿಂದಿ ಕದಾ, ರೇಪು ಇಂಟಿಕಿ ಪಂಪಿಂಚಂಡಿ,” ಎಂದರು. ಕಣಗಳು ಇಳಿದಿವೆ, ನಾಳೆ ಮನೆಗೆ ಕಳಿಸಿ ಎಂದು. ಎರಡು ದಿನದಲ್ಲಿ ತಪಾಸಣೆಯವರು ಬರುವುದಿತ್ತು. ಅವರ ಕಣ್ಣಿಗೆ ವಾರ್ಡಿನಲ್ಲಿ ಹಸಿರು ಕೀವಿನ ಹೆಂಗಸು ಬೀಳುವುದು ಡಾಕ್ಟರರಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಬೀರಪ್ಪ ಲ್ಯಾಬಿಗೆ ಬಂದ. ಮುಖ ಬಾಡಿತ್ತು.

“ಲೆಕ್ಕ ಇಳದೈತಿ, ಛಲೋ ಆತು ಅಂತಾರ್ರಿ. ಆದ್ರ ಆಕಿ ಕೈಕಾಲು ತಣ್ಣಗಾಗ್ಯಾವ. ಕೂಸಿನ್ನ ಗುರ್ತು ಹಿಡಿವಲ್ಲಳು.”

“ಇಪ್ಪತ್ತೊಂದು ಇದ್ದದ್ದು ಆರಾಗೈತಿ ಬೀರಪ್ಪ. ರೋಗ ಇಳೀತು ಅಂತ ಅರ್ಥ.”

ಅವನು ಒಪ್ಪಲಿಲ್ಲ.

“ನಾಯಿ ಅಂತ ನೀವೇ ಹೇಳಿದ್ರಿ. ಮೊನ್ನಿ ಇಪ್ಪತ್ತೊಂದು ನಾಯಿ, ಇವತ್ತು ಆರು. ತೋಳ ಹೋತು ಅಂತ ಹೆಂಗ ಹೇಳ್ತೀರ್ರಿ? ನಾಯಿನ್ನ ತೋಳ ತಿಂದಿರಬೌದಲ್ರಿ? ಉಳದ ಆರು ನಾಯಿನೋ ಕುನ್ನಿನೋ, ಹಲ್ಲು ನೋಡೀರೇನ್ರಿ?”

ಓದು ಬಾರದ ಮನುಷ್ಯ. ನನ್ನ ಮೂವತ್ತು ವರ್ಷದ ಓದನ್ನು ಅಲ್ಲೇ ನೆಲಕ್ಕೆ ಹಾಕಿದ. ಕಪಾಟು ತೆಗೆದು ಸೂಕ್ಷ್ಮದರ್ಶಕ ಹೊರಗಿಟ್ಟೆ. ಬೆಳಗಿನ ರಕ್ತದ ಒಂದು ಹನಿಯನ್ನು ಸ್ಲೈಡಿಗೆ ಸವರಿ ಬಣ್ಣ ಹಾಕಿದೆ. ಹುಣಸೆ ಬೀಜದ ಡಬ್ಬಿ ಹುಡುಕಿ ತೆಗೆದೆ. ಬಲಿತ ನ್ಯೂಟ್ರೋಫಿಲ್‌ಗೆ ಹುಣಸೆ ಬೀಜ, ಎಳೆಯದಕ್ಕೆ ಕಡಲೆ ಎಂದು ಎರಡು ಬಟ್ಟಲು. ಬಲಿತದ್ದರ ಒಡಲಿನ ಬೀಜ ಮೂರು ನಾಲ್ಕು ತುಂಡಾಗಿ ಸಣ್ಣ ಎಳೆಯಲ್ಲಿ ಸೇರಿಕೊಂಡಿರುತ್ತದೆ. ಎಳೆಯದರದ್ದು ಬಗ್ಗಿದ ಕಡ್ಡಿಯ ಹಾಗೆ ಒಂದೇ ತುಂಡು. ಎಳೆಯವು ಮೂಳೆಯೊಳಗಿನ ಮಜ್ಜೆಯಲ್ಲಿ ಇರಬೇಕು, ರಕ್ತಕ್ಕೆ ಹೆಚ್ಚು ಬರಬಾರದು. ದೊಡ್ಡವರೆಲ್ಲ ಸತ್ತು, ಕಳಿಸಲು ಬೇರೆ ಯಾರೂ ಉಳಿಯದಾಗ ಮಜ್ಜೆ ಇವನ್ನೇ ಹೊರಗೆ ತಳ್ಳುತ್ತದೆ.

ಕಡಲೆಯ ಬಟ್ಟಲು ತುಂಬುತ್ತ ಹೋಯಿತು. ಹುಣಸೆ ಬೀಜ ತಳದಲ್ಲೇ ಉಳಿದವು. ಕಣಗಳ ಒಡಲಲ್ಲಿ ತೂತು ಬಿದ್ದಿದ್ದವು, ಕಪ್ಪು ಕಾಳು ತುಂಬಿದ್ದವು. ಒಂದು ಎಳೆ ಕಣ ಎರಡು ರೋಗಾಣುಗಳನ್ನು ನುಂಗಿಕೊಂಡು, ಅರಗಿಸಲಾರದೆ ಹಾಗೇ ನಿಂತಿತ್ತು. ಆರು ಸಾವಿರ ಕುನ್ನಿಗಳು. ಹಲ್ಲು ಬಾರದವು. ಆದರೂ ಒಂದೂ ಓಡಿಹೋಗಿರಲಿಲ್ಲ. ಆ ಕಟ್ಟಡದಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿದ್ದು ಅವು ಮಾತ್ರ.

ಸ್ಲೈಡ್ ಹಿಡಿದು ದೊಡ್ಡ ಡಾಕ್ಟರರ ಕೋಣೆಗೆ ಓಡಿದೆ. ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಏಳಲಿಲ್ಲ.

“ಮಿಷಿನ್ ಅಬದ್ಧಂ ಚೆಬುತುಂದಾ, ಮೇಡಂ?” ಎಂದರು. ಮಿಷಿನ್ ಸುಳ್ಳು ಹೇಳುತ್ತದೆಯೇ ಎಂದು.

“ಮಿಷಿನ್ ಸುಳ್ಳು ಹೇಳಿಲ್ಲ ಸಾರ್. ಚುಕ್ಕಿ ಹಾಕೈತಿ. ನಾನು ನೋಡ್ಲಿಲ್ಲ. ನೀವಾದ್ರೂ ಒಂದ್ಸಲ ಬಂದು ನೋಡ್ರಿ.”

ಬರಲಿಲ್ಲ. ಹೊಸದಾಗಿ ಬಂದಿದ್ದ ಡ್ಯೂಟಿ ಡಾಕ್ಟರಮ್ಮ ಬಂದಳು. ಕಣ್ಣು ಹಚ್ಚಿ ನೋಡಿ ವಾರ್ಡಿಗೆ ಓಡಿದಳು. ಸಲೈನ್ ಏರಿಸಿ, ಮದ್ದು ಹಾಕಿ, ಆಂಬುಲೆನ್ಸ್ ಕರೆಸಿ, ಮಾಳಮ್ಮನನ್ನು ರಾಯಚೂರಿಗೆ ಕಳಿಸಿದಳು. ಮಾಳಮ್ಮ ಅಲ್ಲಿ ಎರಡನೆಯ ದಿನ ತೀರಿಕೊಂಡಳು. ಅಂದು ಒಂಬತ್ತೂವರೆಯಿಂದ ಎರಡರವರೆಗೆ ಕಳೆದುಹೋದ ನಾಲ್ಕೂವರೆ ತಾಸಿನ ತಪ್ಪು ನನ್ನದು. ಆ ಹೊತ್ತು ಸಿಕ್ಕಿದ್ದರೆ ಬದುಕುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ನನ್ನ ಶಿಕ್ಷೆ.

ಅವಳನ್ನು ರಾಯಚೂರಿಗೆ ಕಳಿಸಿದ ಸಂಜೆ ವಾರ್ಡಿಗೆ ಹೋಗಿ ಎಲ್ಲ ಒದ್ದೆ ಜಾಗಗಳನ್ನೂ ಹುಡುಕಿದೆ. ಸಿಂಕು, ಬಕೆಟ್ಟು, ಕೊನೆಗೆ ಗಾಯ ತೊಳೆಯುವ ಹಳದಿ ಔಷಧದ ಗಾಜಿನ ಜಾಡಿ. ರೋಗಾಣು ಕೊಲ್ಲುವ ಔಷಧವನ್ನು ನೀರಿಗೆ ಬೆರೆಸಿ ಅದರಲ್ಲಿ ಹತ್ತಿ ನೆನೆಸಿಡುತ್ತಾರೆ.

“ಈ ಜಾಡಿ ಯಾವಾಗ ತೊಳ್ದಿದ್ರಿ ಸಾವಿತ್ರಮ್ಮ?”

ಸಾವಿತ್ರಮ್ಮ ಮಲ್ದಕಲ್ ಕಡೆಯವಳು. ದೈವಭಕ್ತೆ, ಮೈಮುರಿದು ದುಡಿಯುವವಳು.

“ತೊಳಿಯೋದೇನ್ರಿ ಅಕ್ಕಾ, ಅದು ಖಾಲಿ ಆಗೋದಕ್ಕ ನಾ ಬಿಟ್ಟರ ತಾನೇ? ಬರಿದು ಮಾಡಬಾರದು ಅಂತ ದಿನಾ ಬೆಳಿಗ್ಗಿ ಮ್ಯಾಲ ಸುರೀತೀನಿ. ಆರು ವರ್ಷ ಆತು, ಒಂದು ದಿನ ಬರಿದಾಗಿಲ್ಲ,” ಎಂದಳು. ಹೆಮ್ಮೆಯಿಂದಲೇ ಹೇಳಿದಳು.

ನಮ್ಮ ಕಡೆ ಯಾರ ಅಡುಗೆಮನೆಗಾದರೂ ಹೋಗಿ ನೋಡಿ. ಉಪ್ಪಿನ ಭರಣಿ, ಜೋಳದ ಗಡಿಗೆ, ಕುಂಕುಮದ ಭರಣಿ ತಳ ಕಾಣುವ ಹಾಗಿಲ್ಲ. ಸ್ವಲ್ಪ ಇರುವಾಗಲೇ ಮೇಲೆ ತುಂಬಬೇಕು, ಬರಿದಾದರೆ ಲಕ್ಷ್ಮಿ ಹೋಗುತ್ತಾಳೆ. ನಮ್ಮ ಮನೆಯಲ್ಲೂ ಹಾಗೇ. ಆ ಶಾಸ್ತ್ರವನ್ನು ಸಾವಿತ್ರಮ್ಮ ವಾರ್ಡಿಗೆ ತಂದಿದ್ದಳು. ಅವಳಿಗೆ ಹೀಗಲ್ಲ ಎಂದು ಹೇಳಿಕೊಡಬೇಕಾದವರು ಆರು ವರ್ಷ ಹಲಗೆಯ ಮೇಲೆ ಸೊನ್ನೆ ಬರೆಯುತ್ತ ಕೂತಿದ್ದರು.

ಜಾಡಿಯ ನೀರನ್ನೂ ತೆಗೆದಿಟ್ಟಿದ್ದ ಮಾಳಮ್ಮನ ಕೀವನ್ನೂ ಎರಡು ಪ್ಲೇಟಿನಲ್ಲಿ ಬಿತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟೆ. ಮರುದಿನ ಎರಡರಲ್ಲೂ ಅದೇ ಹಸಿರು, ಅದೇ ದ್ರಾಕ್ಷಿ ವಾಸನೆ. ಆ ಔಷಧ ನೀರಾಗಿ, ಹಳೆಯದಾಗಿ, ರೋಗಾಣುವಿನ ಬೆಳೆ ಬೆಳೆಯುವ ಮಡುವಾಗಿತ್ತು. ಅವಳ ಮೈಯ ಕಣಗಳು ಗಾಯದ ಬಾಯಲ್ಲಿ ಲಕ್ಷಗಟ್ಟಲೆ ಸಾಯುತ್ತಿದ್ದಾಗ ನಾವು ದಿನಕ್ಕೆ ಎರಡು ಹೊತ್ತು, ಶುಚಿ ಮಾಡುತ್ತೇವೆಂದು ಹೊಸ ರೋಗಾಣುಗಳನ್ನು ನಮ್ಮ ಕೈಯಾರೆ ಅಲ್ಲಿ ಒರೆಸುತ್ತಿದ್ದೆವು.

ಪ್ಲೇಟುಗಳನ್ನು ದೊಡ್ಡ ಡಾಕ್ಟರರ ಮೇಜಿನ ಮೇಲಿಟ್ಟೆ. ಅವರು ನೋಡಿದರು. ಅರ್ಥವಾಯಿತು, ಮುಖದಲ್ಲಿ ಕಂಡಿತು. “ಜಾಡಿ ಬದಲಾಯಿಸೋಣ. ಇವನ್ನ ತೊಳೆದು ಹಾಕಿ. ನಿಮಗೆ ಇನ್ನೆರಡು ವರ್ಷ ಸರ್ವಿಸ್ ಇದೆ ಅಲ್ಲವೇ?” ಎಂದರು. ನಾನು ತೊಳೆದು ಹಾಕಿದೆ. ಯಾರೂ ಕೈ ಹಿಡಿದು ತೊಳೆಸಲಿಲ್ಲ. ನಾನೇ ಕುದಿಸಿ ತೊಳೆದು ಒಣಗಿಸಿ ಇಟ್ಟೆ.

ಹತ್ತು ದಿನದ ಮೇಲೆ ಬೀರಪ್ಪ ಕಾಗದಪತ್ರಕ್ಕೆ ಬಂದಾಗ ನಾನೂ ದೊಡ್ಡ ಡಾಕ್ಟರರ ಕೋಣೆಯಲ್ಲಿದ್ದೆ. ಮಾಳಮ್ಮನ ಕೇಸಿನ ಕಾಗದವನ್ನು ದೊಡ್ಡ ಡಾಕ್ಟರರೇ ಓದಿ ಹೇಳಿದರು, ಮನೆಯ ಅಶುಚಿಯಿಂದ, ಕುರಿಗಳ ಒಡನಾಟದಿಂದ ಬಂದ ಸೋಂಕು ಎಂದು. ಹೆರಿಗೆಗೆ ಬಂದು ಆರು ದಿನ ವಾರ್ಡಿನಿಂದ ಹೊರಗೆ ಕಾಲಿಡದ ಹೆಂಗಸಿನ ಹೊಟ್ಟೆಯ ಗಾಯಕ್ಕೆ ಕುರಿ ಯಾವ ಬಾಗಿಲಿನಿಂದ ಬಂತು? ಆ ಪ್ರಶ್ನೆಯನ್ನು ನಾನು ಅಂದು ಕೇಳಬೇಕಿತ್ತು.

ಬೀರಪ್ಪ ನನ್ನ ಕಡೆ ತಿರುಗಿದ. “ಅವ್ವಾರ, ನಮ್ಮ ಕುರಿಯಿಂದ ಬಂತಂತ. ಖರೇ ಏನ್ರಿ?”

“ಕಾಗದದಾಗ ಹಂಗ ಐತಿ ಬೀರಪ್ಪ,” ಎಂದೆ. ನೆಲ ನೋಡುತ್ತ ಎಂದೆ.

ಎರಡು ವರ್ಷ ಮುಗಿಯಿತು, ನಿವೃತ್ತಿಯಾಯಿತು. ಹಲಗೆಯ ಮೇಲೆ ಸೊನ್ನೆ ಹಾಗೇ ಇತ್ತು. ಮುಂದೆಯೂ ವರ್ಷಗಟ್ಟಲೆ ಸುಮ್ಮನಿದ್ದೆ. ಹೋದ ತಿಂಗಳು ಆ ಹುಡುಗಿ ‘ಬಿಡ್ರಿ’ ಎಂದ ಮೇಲೆ ಬಿಡಲು ಆಗಲಿಲ್ಲ. ನಾದಿನಿಯ ರಕ್ತವನ್ನು ಬೇರೆ ಲ್ಯಾಬಿನಲ್ಲಿ ಸ್ಲೈಡ್ ಮಾಡಿಸಿ ನಾನೇ ನೋಡಿದೆ, ಗಾಬರಿಯಾಗುವಂಥದ್ದು ಇರಲಿಲ್ಲ. ಗಟ್ಟು ಕಡೆಯ ಬಸ್ಸು ಹತ್ತಿ ಬೀರಪ್ಪನ ಹಟ್ಟಿಗೆ ಹೋದೆ. ಕುರಿದೊಡ್ಡಿಯ ಮುಳ್ಳುಬೇಲಿ ಬಿದ್ದುಹೋಗಿತ್ತು. ಒಂದು ಮುದಿ ನಾಯಿ ಅದರ ಪಕ್ಕದಲ್ಲಿ ಮಲಗಿತ್ತು. ಬೀರಪ್ಪ ಹತ್ತಿ ಬೀಜದ ಹೊಲಕ್ಕೆ ಕೂಲಿಗೆ ಹೋಗಿದ್ದ. ಬಂದ ಮೇಲೆ ಎಲ್ಲ ಹೇಳಿದೆ. ಚುಕ್ಕಿ, ಜಾಡಿ, ಪ್ಲೇಟು, ತೊಳೆದದ್ದು, ಒಂದನ್ನೂ ಬಿಡಲಿಲ್ಲ.

ಅವನು ಬಿದ್ದ ಬೇಲಿಯ ಕಡೆ ನೋಡಿದ.

“ಹಟ್ಟಿಯವ್ರೆಲ್ಲಾ ನಿನ್ನ ಕುರಿನೇ ಆಕಿನ್ನ ತಿಂದ್ವು ಅಂದ್ರು,” ಎಂದ. “ನಾನೂ ಹಂಗಂದ್ಕೊಂಡೆ. ಕೂಸಿಗೂ ತಗಲೀತು ಅಂತ ಒಂದ್ ಮರಿ ಬಿಡ್ದಂಗ ಮಾರಿದೆ. ನಮ್ಮಪ್ಪ, ನಮ್ಮಜ್ಜ ಕಾದ ಕುರಿ ಅವು.”

“ತಪ್ಪಾತು ಬೀರಪ್ಪ.”

“ತಪ್ಪಾತು ಅನ್ನಬ್ಯಾಡ್ರಿ. ಅವತ್ತ ಕಾಗದದಾಗ ಹಂಗ ಐತಿ ಅಂದಿದ್ರಿ. ಈಗ ಹೇಳಿದ್ದನ್ನೂ ಕಾಗದದಾಗ ಹಾಕ್ರಿ. ನನ್ನ ಮಗಳು ತೆಲುಗು ಸಾಲಿಗೆ ಹೊಂಟಾಳ. ನಾಳಿಗೆ ಓದಾಕ ಕಲೀತಾಳ. ಆಕಿ ಓದ್ಲಿ.”

ತೆಲುಗಿನಲ್ಲಿ ಒಂದು ಪ್ರತಿ ಬರೆದು ಅವನ ಕೈಗೆ ಕೊಟ್ಟಿದ್ದೇನೆ. ಇದು ಕನ್ನಡದ ಪ್ರತಿ. ಲ್ಯಾಬಿನ ಕೆಲಸಕ್ಕೆ ಬರುವ ಮಕ್ಕಳು ಓದಲಿ, ಚುಕ್ಕಿ ಕಂಡರೆ ಸ್ಲೈಡ್ ಮಾಡಲಿ. ಆದರೆ ಕೊನೆಯ ಮಾತು ಮಾಳಮ್ಮನ ಮಗಳಿಗೆ.

ಮಗಳೇ, ನಿಮ್ಮ ಅವ್ವನ ಗಾಯಕ್ಕೆ ಬಂದ ಸೋಂಕು ಆಸ್ಪತ್ರೆಯ ಜಾಡಿಯದು. ನಿಮ್ಮ ಮನೆಯದಲ್ಲ, ನಿಮ್ಮ ಕುರಿಗಳದಲ್ಲ. ಅವಳ ಮೈ ಕೊನೆಯ ಕುನ್ನಿಯವರೆಗೂ ಹೋರಾಡಿತು, ನಾನು ಕಣ್ಣಾರೆ ಕಂಡಿದ್ದೇನೆ. ಚುಕ್ಕಿ ನೋಡಿಯೂ ಸಹಿ ಹಾಕಿದವಳು, ಪ್ಲೇಟು ತೊಳೆದವಳು, ನಿಮ್ಮಪ್ಪ ಕೇಳಿದಾಗ ನೆಲ ನೋಡಿದವಳು ನಾನು, ಮಕ್ತಲ್‌ನ ಮಹಾದೇವಿ. ಈ ಕಾಗದಕ್ಕೆ ಎಲ್ಲವನ್ನೂ ನೋಡಿಯೇ ಸಹಿ ಹಾಕಿದ್ದೇನೆ.